ಅಂಗಾರ ಉಣ್ಣಲಿಲ್ಲ

ಅಂಗಾರ ಆ ಎಲೆಯಲ್ಲಿ ಉಣ್ಣಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಅವನು ಸತ್ತ ಮೇಲೆ ಮಂಗಳೂರಿನ ಒಂದು ಸಭೆಯಲ್ಲಿ, ಹಾರ ಹಾಕಿದ ಅವನ ಫೋಟೋದ ಪಕ್ಕ ನಿಂತು ವಿಠಲಣ್ಣ ಮೈಕಿನಲ್ಲಿ ಹೇಳಿದರು: "ಅಂಗಾರ ಬೇರೆಯವನಲ್ಲ. ಮಸ್ಕತ್ತಿನಲ್ಲಿ ನಮ್ಮ ಮನೆಯ ಎಲೆಯಲ್ಲಿ ಉಂಡವ."

ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಆ ಎಲೆ ಹಾಕಿದಾಗಲೂ ನಾನು ಅಲ್ಲಿದ್ದೆ.

ನಾನು ಸುಂದರಿ. ಅಂಗಾರ ನನ್ನ ಚಿಕ್ಕಪ್ಪನ ಮಗ. ನಾವು ಕೊರಗರು. ಕಾರ್ಕಳದ ಆಚೆ ನಮ್ಮ ಕೊಪ್ಪ. ಕೊಪ್ಪ ಅಂದರೆ ನಮ್ಮವರ ಗುಡಿಸಲುಗಳು, ಊರು ಮುಗಿದ ಮೇಲೆ ಇನ್ನೂ ಒಂದಷ್ಟು ನಡೆದರೆ ಸಿಗುವಂಥವು. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ನನ್ನ ಬರವಣಿಗೆ ನಿಧಾನ. ಓದುವವರೂ ಅವಸರ ಮಾಡಬಾರದು.

ಅಜಲು ಎಂಬುದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ಮನೆಯ ಬಸುರಿಗೆ ತೊಂದರೆ ಇದ್ದರೆ ಅವಳ ಕೂದಲು, ಉಗುರು ಕತ್ತರಿಸಿ ಅನ್ನಕ್ಕೆ ಕಲಸುತ್ತಾರೆ. ಕೊರಗನನ್ನು ಕರೆದು ಉಣ್ಣಿಸುತ್ತಾರೆ. ಕೇಡು ಅವನ ಹೊಟ್ಟೆಗೆ ಹೋಗಿ ಅವರ ಮಗು ಉಳಿಯುತ್ತದಂತೆ. ಉಂಡವನ ಮಕ್ಕಳು ಉಳಿದವಾ ಎಂದು ಯಾರೂ ಕೇಳಿದವರಲ್ಲ. ಅಂಗಾರನ ಅಪ್ಪ ಗುರುವ ಹಾಗೆ ಉಂಡವನು. ಹಗಲೆಲ್ಲ ದೊಡ್ಡ ಮನೆಯ ಗದ್ದೆ ಬದಿಯಲ್ಲಿ ಡೋಲು ಬಡಿದು, ಸಂಜೆ ಅದನ್ನು ಉಂಡು, ಗಂಟಲಿಗೆ ಕೂದಲು ಸಿಕ್ಕಿ ಬೇಲಿ ಹಿಡಿದು ಕೆಮ್ಮಿದ. "ಕೆಮ್ಮಬೇಡ!" ಎಂದು ಅಂಗಳದಿಂದ ಬೈದರು. ಕೆಮ್ಮಿ ಹೊರಗೆ ಹಾಕಿದರೆ ಕೇಡೂ ಹೊರಗೆ ಬರುತ್ತದಂತೆ. ಚಿಕ್ಕಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನುಂಗಿದ. ಕಣ್ಣಿನಿಂದ ನೀರು ಬಂತು. ಅಂಗಾರ ಪಕ್ಕದಲ್ಲೇ ಡೋಲು ಹಿಡಿದುಕೊಂಡು ನಿಂತಿದ್ದ.

ಆ ದಿನದ ಮೇಲೆ ಅವನು ದೊಡ್ಡ ಮನೆಯ ಕಡೆ ಹೋಗಲಿಲ್ಲ. ಮಂಗಳೂರಿಗೆ ಓಡಿದ. ಇಗರ್ಜಿಯ ಬ್ಯಾಂಡಿನ ಎಲಿಯಾಸ್ ಮಾಸ್ಟ್ರಿಗೆ ದೊಡ್ಡ ಡ್ರಮ್ ಹೊರಲು ಒಂದು ಬೆನ್ನು ಬೇಕಿತ್ತು. ಮದುವೆ, ಮರಣ, ಹಬ್ಬ, ಎಲ್ಲ ಕಡೆಗೆ ಹೊತ್ತ. ಪಟ್ಟಿ ಉಜ್ಜಿ ಹೆಗಲ ಚರ್ಮ ಕಿತ್ತು ಬಂದಿತ್ತು. ಮಾಸ್ಟ್ರ ಮನೆಯ ಗೋಡೆಯಲ್ಲಿ ಒಂದು ಗಿಟಾರು ತೂಗುತ್ತಿತ್ತು. ಒಂದು ದಿನ ಇಳಿಸಿ ಬಾರಿಸಿದ. ಮಾಸ್ಟ್ರು ಹೊಡೆಯಲಿಲ್ಲ. "ಇನ್ನೊಮ್ಮೆ ಬಾರಿಸು" ಅಂದರು. ಅಷ್ಟೇ ಅವನ ಪಾಠ.

ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಪಿಯಾನೋ ಬಾರಿಸುತ್ತಿದ್ದ ಹೆರಾಲ್ಡ್ ರಜೆಯಲ್ಲಿ ಬಂದವನು ಇವನ ಗಿಟಾರು ಕೇಳಿದ. ಎಂಬತ್ತಮೂರರಲ್ಲಿ ಕರೆಸಿಕೊಂಡ. ಸಂಗೀತಕ್ಕೆ ಅಂತ ಅಲ್ಲ, ಪಾತ್ರೆ ತಿಕ್ಕಲಿಕ್ಕೆ. ವೀಸಾ ಅದಕ್ಕೇ ಇತ್ತು. ಅಲ್ ಅಜೈಬಾದ ಕಡಲ ಬದಿಯ ಹೋಟೆಲು. ಕುದಿಯುವ ನೀರು, ಸೋಪಿನ ಪುಡಿ. ಕೈಬೆರಳ ತುದಿಗಳು ಬಿಳಿಚಿ ಒಡೆದವು. ಒಡೆದ ಬೆರಳಲ್ಲೇ ತಂತಿ ಒತ್ತುತ್ತಿದ್ದ. ಗಿಟಾರಿನವನು ಕೆಲಸ ಬಿಟ್ಟು ದುಬೈಗೆ ಹೋದಾಗ ಹೆರಾಲ್ಡ್ ಅಡುಗೆಮನೆಗೆ ಬಂದು, "ಯಲ್ಲಾ ಮಾರಾಯಾ, ಏಪ್ರನ್ ಬಿಚ್ಚು" ಅಂದ. ಬಾರಿನ ಬೋರ್ಡಿನಲ್ಲಿ 'ಏಂಜೆಲೊ' ಎಂದು ಬರೆಸಿದ.

"ಅಂಗಾರ ಅಂದ್ರೆ ಯಾರಿಗೆ ಬಾಯಿಗೆ ಬರ್ತದೆ? ಏಂಜೆಲೊ ಅಂದ್ರೆ ದೇವದೂತ ಮಾರಾಯಾ."

"ದೇವದೂತ ಪಾತ್ರೆ ತಿಕ್ಕುದುಂಟಾ?" ಅಂತ ಇವನು ಕೇಳಿದನಂತೆ.

ಆ ಬಾರಿಗೆ ಎಣ್ಣೆ ಕಂಪನಿಯ ಒಬ್ಬ ಕಪ್ಪು ಅಮೆರಿಕದವನು ಬರುತ್ತಿದ್ದ. ಅವನೇ ಕ್ಯಾಸೆಟ್ಟುಗಳನ್ನು ಕೊಟ್ಟದ್ದು. ಬ್ಲೂಸ್ ಅಂತ ಅದರ ಹೆಸರು. ಹತ್ತಿಯ ಹೊಲಗಳಲ್ಲಿ ದುಡಿಸಿಕೊಂಡವರ ಹಾಡು. ಅಂಗಾರ ಅದನ್ನು ತಿರುಗಿಸಿ ತಿರುಗಿಸಿ ಕೇಳಿ, ಟೇಪೇ ಸವೆಸಿದ.

ನಾನು ಎಂಬತ್ತಾರರಲ್ಲಿ ಹೋದೆ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಅಂಗಾರ ಹೇಳಿ ಮಾಡಿಸಿದ ವೀಸಾ. ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯಲ್ಲಿ ವಿಠಲಣ್ಣನ ಮನೆ, ಅಡುಗೆ ಕೆಲಸ. ವಿಠಲಣ್ಣ ನಮ್ಮ ಊರ ಕಡೆಯ ದೊಡ್ಡ ಮನೆಯವರು, ಅಂಗಾರನ ಹೋಟೆಲನ್ನು ನಡೆಸುವ ಕಂಪನಿಯ ಮ್ಯಾನೇಜರು. ಕಫೀಲ್, ಅಂದರೆ ನಮ್ಮೆಲ್ಲರ ವೀಸಾದ ಯಜಮಾನ, ಆಗಿದ್ದ ಅರಬ ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಯಾರು ಇರಬೇಕು, ಯಾರು ಹೋಗಬೇಕು ಎಂಬುದೆಲ್ಲ ವಿಠಲಣ್ಣನ ಪೆನ್ನಿನಲ್ಲಿತ್ತು. ವೀಸಾ ಮಾಡಿಸಿಕೊಟ್ಟ ಮೊಯ್ದೀನ್ ಬ್ಯಾರಿ ನನಗೆ ಮೊದಲೇ ಹೇಳಿದ್ದರು: "ನೋಡಕ್ಕ, ಜಾತಿ ಕೇಳಿದ್ರೆ ಗಾಣಿಗ ಅಂತ ಹೇಳಿ. ಮತ್ತೆ ಅಂಗಾರ ನಿಮಗೆ ಗುರ್ತವೇ ಇಲ್ಲ, ಆಯ್ತಾ?"

ಬಿಡುವಿನ ದಿನ ನಾನು ಅವನ ಹೋಟೆಲಿಗೆ ಹೋಗುತ್ತಿದ್ದೆ. ಬಾರಿನ ಒಳಗೆ ನನ್ನಂಥವಳು ಹೋಗುವ ಹಾಗಿಲ್ಲ. ಹಿಂದೆ ಕಸದ ಡ್ರಮ್ಮುಗಳ ಪಕ್ಕ ಕೂರುತ್ತಿದ್ದೆ. ಅಂಗಾರ ಅಡುಗೆಮನೆಯ ಬಾಗಿಲಿಗೆ ಒಂದು ಈರುಳ್ಳಿ ಚೀಲ ಅಡ್ಡ ಇಟ್ಟು ತೆರೆದಿಡುತ್ತಿದ್ದ. ಅಲ್ಲಿಂದ ಕೇಳುತ್ತಿದ್ದೆ.

"ಇದೆಂತ ಹಾಡು? ಒಂದೇ ಸಾಲು ಎರಡೆರಡು ಸಲ ಹೇಳ್ತಿಯಲ್ಲ?" ಎಂದು ಕೇಳಿದೆ.

"ಅಕ್ಕಾ, ನಿನಗೆ ಗೊತ್ತಾಗ್ಲಿಲ್ವಾ? ನಾವು ಬೇಲಿ ಹೊರಗೆ ನಿಂತು ಹೇಗೆ ಕರೀತಿದ್ದೆವು? ಒಮ್ಮೆ ಕರೆದ್ರೆ ಒಳಗಿನವರಿಗೆ ಕೇಳುದಿಲ್ಲ. ಅದನ್ನೇ ಇನ್ನೊಮ್ಮೆ ಕರಿಬೇಕು. ಅವರು ಬಾಗಿಲಿಗೆ ಬಂದ್ರೆ ಮೂರನೇದು, ಬೇಕಾದ್ದು ಕೇಳುದು. ಅದೇ ಇದು. ಅವರೂ ನಮ್ಮ ಹಾಗೇ ಕರೆದವರು."

"ಅವರೂ ನಮ್ಮ ಹಾಗೇ ಅನ್ನು."

ಅವನು ನಕ್ಕ. "ಎಲ್ಲಿಂದ? ಅವರನ್ನು ಹಣ ಕೊಟ್ಟು ತಗೊಂಡಿದ್ರಂತೆ. ನಾವು ಪುಕ್ಕಟೆ ಅಕ್ಕಾ."

ಅವನೇ ಕಟ್ಟಿದ ಹಾಡುಗಳೂ ಇದ್ದವು. ನಮ್ಮ ಮಾತಿನಲ್ಲಿ. ಕುಡಿಯಲು ಬಂದ ಬಿಳಿಯರಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಗ್ಲಾಸು ಕೆಳಗಿಟ್ಟು ಕೇಳುತ್ತಿದ್ದರು. ಒಂದನ್ನು ಕನ್ನಡದಲ್ಲಿ ಬರೆಯುತ್ತೇನೆ:

ಬೇಲಿಯ ಹೊರಗೆ ನಿಂತಿದ್ದೇನೆ ಅಮ್ಮಾ, ಬಿಸಿಲು ನೆತ್ತಿಗೆ ಬಂತು
ಬೇಲಿಯ ಹೊರಗೆ ನಿಂತಿದ್ದೇನೆ ಅಮ್ಮಾ, ಬಿಸಿಲು ನೆತ್ತಿಗೆ ಬಂತು
ನಾಯಿ ಉಂಡು ಮುಗಿಸಿದ್ದರೆ ನನ್ನ ಹೆಸರು ಕರೆಯಿರಿ

ಹಾಡುವಾಗ ಹೆಬ್ಬೆರಳಿನ ಗೆಣ್ಣಿನಿಂದ ಗಿಟಾರಿನ ಹೊಟ್ಟೆಗೆ ಗುದ್ದುತ್ತಿದ್ದ. ಅದು ಅವನ ಅಪ್ಪನ ಡೋಲಿನ ಪೆಟ್ಟು. ಇಂಥ ಪೆಟ್ಟು ಬೇರೆಲ್ಲೂ ಕೇಳಿಲ್ಲ ಎಂದು ಬಿಳಿಯರು ಹೇಳುತ್ತಿದ್ದರಂತೆ. ದೂರದ ಸೊಹಾರಿನಿಂದ ಇಂಜಿನಿಯರುಗಳು ಗಾಡಿ ಮಾಡಿಕೊಂಡು ಬರುತ್ತಿದ್ದರು. ಸ್ಟೇಜಿನಲ್ಲಿ ಅವನಿಗೆ ಒಂದು ಕುರ್ಚಿ ಇತ್ತು. ಅವನು ಬರುವ ಮೊದಲು ಬಟ್ಲರು ಅದನ್ನು ಒರೆಸಿಡುತ್ತಿದ್ದ. "ನಾನು ಕೂರುವ ಮೊದಲು ಒರೆಸ್ತಾರೆ ಅಕ್ಕಾ" ಎಂದು ಅಂಗಾರ ಹೇಳಿಕೊಳ್ಳುತ್ತಿದ್ದ. ನಮ್ಮನ್ನು ಕೂರಿಸಿದ ಜಾಗವನ್ನು ಆಮೇಲೆ ಸೆಗಣಿಯಲ್ಲಿ ಸಾರಿಸಿದ್ದು ನೋಡಿದವರು ನಾವು. ಆ ಕುರ್ಚಿ ಹೋದರೆ ಅವನಲ್ಲಿ ಏನೂ ಉಳಿಯುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ವಿಠಲಣ್ಣನ ತಾಯಿ ಕುಸುಮಕ್ಕ ಊರಿಂದ ಬಂದರು. ಸೊಸೆ ಲೋಲಾಕ್ಷಿಗೆ ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಈಗ ಮೂರನೆಯದು. ಕುಸುಮಕ್ಕ ಬಂದವರೇ ನನ್ನನ್ನು ಕೇಳಿದರು.

"ನೀನು ಎಲ್ಲಿಯವಳು?"

"ಕಾರ್ಕಳದ ಕಡೆಯವಳು ಅಮ್ಮ."

"ಊರು ಕೇಳಿದ್ದಲ್ಲ ನಾನು."

"ಗಾಣಿಗರು ಅಮ್ಮ."

"ಹಾಗೆ ಹೇಳು. ಅದಕ್ಕೇ ಒಗ್ಗರಣೆಯ ಹದ ಗೊತ್ತುಂಟು ನಿನಗೆ" ಅಂತ ನಕ್ಕು ಇನ್ನೊಂದು ಸೌಟು ಹಾಕಿಸಿಕೊಂಡರು.

ಅದೇ ತಿಂಗಳು ಅವರ ಕಿವಿಯ ಬೆಂಡೋಲೆ ಕಾಣೆಯಾಯಿತು. ಕಳೆದದ್ದನ್ನು ಹುಡುಕಿಕೊಡುವ ದೈವ, ನಮ್ಮವರಲ್ಲೇ ಹುಟ್ಟಿದ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳಿದರು. ಬೆಂಡೋಲೆ ದಿಂಬಿನಡಿ ಸಿಕ್ಕಿತು. ಚಕ್ಕುಲಿ ಕರಿದವಳು ನಾನೇ. ಅಜ್ಜನಿಗೆ ಚಕ್ಕುಲಿ. ಅಜ್ಜನ ಮಕ್ಕಳಿಗೆ ಏನು ಎಂಬುದು ಮುಂದೆ ಬರುತ್ತದೆ.

ಊರಿನವರ ಸಂಘದ ವಾರ್ಷಿಕೋತ್ಸವಕ್ಕೆ ವಿಠಲಣ್ಣ ಹೋಟೆಲಿನ ಏಂಜೆಲೊನನ್ನು ಹಾಡಲು ಕರೆಸಿದರು. ಗೋವೆಯವನು ಎಂದೇ ಎಲ್ಲರೂ ತಿಳಿದಿದ್ದರು. ಕುಸುಮಕ್ಕ ಮುಂದಿನ ಸಾಲಿನಲ್ಲಿದ್ದರು. ಅವನು ಇಂಗ್ಲಿಷಿನಲ್ಲಿ ಹಾಡಿದ. ಹೆಬ್ಬೆರಳು ಗುದ್ದಿತು. ನಾನು ಹಿಂದೆ ಟಿಫಿನ್ ಡಬ್ಬ ಹಿಡಿದು ನಿಂತಿದ್ದೆ. ಕುಸುಮಕ್ಕನ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು.

ಕಾರಿನಲ್ಲಿ ಮಗನಿಗೆ ಹೇಳಿದರು. "ಆ ಗಿಟಾರಿನವ ಗೋವೆಯವನಲ್ಲ. ಅದು ಡೋಲಿನ ಪೆಟ್ಟು. ನನ್ನ ಅಪ್ಪನ ಗದ್ದೆ ಬದಿಯಲ್ಲಿ ಸಣ್ಣವಳಿರುವಾಗಿಂದ ಕೇಳಿದ್ದೇನೆ. ಅವ ನಮ್ಮ ಕೊರಗ."

"ಹೌದಾ? ಆಫೀಸಿನಲ್ಲಿ ನೋಡ್ತೇನೆ ಬಿಡಿ."

ಮರುದಿನ ವಿಠಲಣ್ಣ ಪಾಸ್‌ಪೋರ್ಟಿನಲ್ಲಿ ಹೆಸರು, ಊರು ನೋಡಿ ಬಂದು "ಹೌದಮ್ಮ" ಅಂದರು. ಕುಸುಮಕ್ಕ ಎರಡೂ ಕೈ ಜೋಡಿಸಿದರು. "ದೇವರು ಕಣ್ಣು ಬಿಟ್ಟ. ಈ ಮರಳಲ್ಲೂ ಒಬ್ಬ ಕೊರಗ ಸಿಕ್ಕಿದ."

ಲೋಲಾಕ್ಷಿಯ ಬಯಕೆ ಊಟ ಒಂದು ಶುಕ್ರವಾರ ಮಧ್ಯಾಹ್ನ. ವಿಠಲಣ್ಣ ಅಂಗಾರನನ್ನು ಆಫೀಸಿಗೆ ಕರೆಸಿ ಹೇಳಿದ್ದರಂತೆ: "ನಿನ್ನ ವೀಸಾ ಮುಗೀತಾ ಬಂತಲ್ಲ. ಶುಕ್ರವಾರ ಮನೆಗೆ ಬಂದು ಎರಡು ಹಾಡು ಹೇಳು. ಅಮ್ಮ ಹೇಳಿದ ಹಾಗೆ ಕೇಳು. ಶನಿವಾರ ಸಹಿ ಹಾಕ್ತೇನೆ."

ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಒಳಗಿನ ಕೋಣೆಯಲ್ಲಿ ಉಗುರು ಕತ್ತರಿಸುವ ಸದ್ದು ಕೇಳಿತು. ಲೋಲಾಕ್ಷಿ "ಅತ್ತೆ, ಬೇಡ, ನನಗೆ ವಾಕರಿಕೆ ಬರ್ತದೆ" ಎನ್ನುತ್ತಿದ್ದಳು. "ಉಣ್ಣುವವಳು ನೀನಲ್ಲ, ಸುಮ್ಮನಿರು" ಎಂದರು ಕುಸುಮಕ್ಕ. ಕಾಗದದಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಬಂದು, ನಾನು ಬೇಯಿಸಿದ ಅನ್ನಕ್ಕೆ ಅದನ್ನು ಸುರಿದು ಸೌಟಿನಲ್ಲಿ ಕಲಸಿದರು. ಮೇಲೆ ಸಾರು ಹಾಕಿದರು. "ಇದು ಬೇರೆ. ಇದನ್ನು ಮುಟ್ಟಬೇಡ" ಅಂದರು ನನಗೆ. ತುರಿಮಣೆಗೆ ತಾಗಿ ನನ್ನ ಬೆರಳು ಕೊಯ್ದಿತ್ತು. ಕಾಯಿ ಕೆಂಪಾದ ಮೇಲೆಯೇ ನನಗೆ ಗೊತ್ತಾದದ್ದು.

ಅಂಗಾರ ಹಿಂದಿನ ಬಾಗಿಲಿನಿಂದ ಬಂದ. ಹೋಟೆಲಿನ ಕೋಟು, ಇಸ್ತ್ರಿ ಮಾಡಿದ್ದು. ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದೆ. "ಉಣ್ಣಬೇಡ. ಅದರಲ್ಲಿ ಉಂಟು."

ಅವನು ಗಿಟಾರು ಕೆಳಗಿಟ್ಟ.

"ಉಣ್ಣದಿದ್ರೆ ಕುರ್ಚಿ ಹೋಗ್ತದೆ ಅಕ್ಕಾ."

"ಹೌದು."

"ಒಂದೇ ಎಲೆ ಅಲ್ವಾ? ಅಪ್ಪ ಎಷ್ಟೋ ಎಲೆ ಉಂಡಿದ್ದಾನೆ."

ನಾನು ಉಣ್ಣು ಎಂದೂ ಹೇಳಲಿಲ್ಲ, ಇನ್ನೊಮ್ಮೆ ಬೇಡವೆಂದೂ ಹೇಳಲಿಲ್ಲ. ಒಳಗಿಂದ ಕರೆದರು. ಅವನು ಹೋದ.

ಹಾಲಿನಲ್ಲಿ ಎರಡು ಹಾಡು ಹೇಳಿದ. ಚಪ್ಪಾಳೆ ಬಿತ್ತು. ಎಲ್ಲರಿಗೂ ಒಳಗೆ ಎಲೆ ಹಾಕಿದರು. ನಾನು ಬಡಿಸಿದೆ. ಪತ್ರೊಡೆ, ಗಸಿ, ಹೋಳಿಗೆ. ಹೊಗಳಿ ಹೊಗಳಿ ಉಂಡರು. ಅಂಗಾರನ ಎಲೆಯನ್ನು ಹಿಂದಿನ ಅಂಗಳದಲ್ಲಿ, ಎಸಿ ಮೆಷಿನ್ನಿನ ಬಿಸಿ ಗಾಳಿ ಹೊಡೆಯುವಲ್ಲಿ, ನೆಲಕ್ಕೆ ಹಾಕಿದರು. ಉಂಡವರೆಲ್ಲ ಕೈತೊಳೆದು ಬಾಗಿಲಲ್ಲಿ ಗುಂಪುಗೂಡಿದರು. ಅವನು ಉಣ್ಣುವುದನ್ನು ನಾಲ್ಕು ಜನ ನೋಡಬೇಕು, ಅದೂ ಪದ್ಧತಿ.

ಒಂದು ಮಗು ಕೇಳಿತು, "ಮಮ್ಮಿ, ವೈ ಈಸ್ ಗಿಟಾರ್ ಅಂಕಲ್ ಸಿಟಿಂಗ್ ಔಟ್‌ಸೈಡ್?"

"ಅಂಕಲ್‌ಗೆ ಎಸಿ ಆಗುದಿಲ್ಲ ಪುಟ್ಟಾ."

ಒಬ್ಬ ಡಾಕ್ಟ್ರು ಇದ್ದರು. "ಇದೆಲ್ಲ ನಂಬಿಕೆ ಅಷ್ಟೆ. ಹಿರಿಯರ ಮನಸ್ಸಿಗೆ ಸಮಾಧಾನ ಆಗ್ಲಿ" ಎಂದರು. ಅಕೌಂಟ್ಸಿನ ಒಬ್ಬರು, "ಕೂದಲು ಪ್ರೋಟೀನೇ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ಡಾಕ್ಟ್ರೂ ನಕ್ಕರು.

ಅಂಗಾರ ಎಲೆಯ ಮುಂದೆ ಕೂತ. ಕೋಟಿನ ತೋಳು ಮಡಚಿದ. ಅನ್ನಕ್ಕೆ ಕೈ ಹಾಕಿದ. ಒಂದು ತುತ್ತು ಕಲಸಿದ, ಎತ್ತಿದ. ಅನ್ನದಿಂದ ಉದ್ದದ ಒಂದು ಎಳೆ ಕೂದಲು ಇಳಿದು ಅವನ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಹುಂ, ಬಾಯಿಗೆ ಹಾಕು" ಎಂದರು ಕುಸುಮಕ್ಕ. "ಕೆಮ್ಮಬೇಡ ಮತ್ತೆ."

ಅದೊಂದು ಮಾತು ಹೇಳದಿದ್ದರೆ ಉಣ್ಣುತ್ತಿದ್ದನೋ ಏನೋ. ಅವನ ಕೈ ನಿಂತಿತು. ತುತ್ತನ್ನು ಎಲೆಗೆ ಹಾಕಿದ. ಕೈಯನ್ನು ಕೋಟಿಗೆ ಒರೆಸಿಕೊಂಡ, ಆ ಇಸ್ತ್ರಿಯ ಕೋಟಿಗೇ. ಪಕ್ಕದಲ್ಲಿದ್ದ ಗಿಟಾರು ತೊಡೆಗೆ ಎತ್ತಿಕೊಂಡ. ಹೆಬ್ಬೆರಳಿನಿಂದ ಗುದ್ದಿದ. ತುಳುವಿನಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ ಹಾಡಿದ:

ಅನ್ನದಲ್ಲಿ ಕೂದಲು ಉಂಟು ಅಮ್ಮಾ, ಅನ್ನದಲ್ಲಿ ಉಗುರು ಉಂಟು

"ಅರೆ, ಹಾಡು ಕಟ್ಟಿದ!" ಎಂದು ಯಾರೋ ನಕ್ಕರು.

ಅನ್ನದಲ್ಲಿ ಕೂದಲು ಉಂಟು ಅಮ್ಮಾ, ಅನ್ನದಲ್ಲಿ ಉಗುರು ಉಂಟು

ನಗು ನಿಂತಿತು. ಅವನು ಎದ್ದು ನಿಂತ.

ಬಸುರು ನಿಮ್ಮದು, ಕೇಡು ನಿಮ್ಮದು, ನೀವೇ ಉಣ್ಣಿ

ವಿಠಲಣ್ಣ ಮೆಟ್ಟಿಲು ಹಾರಿ ಬಂದರು. ಕೆನ್ನೆಗೆ ಹೊಡೆದರು. ಗಿಟಾರನ್ನು ಕಿತ್ತು ನೆಲಕ್ಕೆ ಬಡಿದು ಕಾಲಿನಲ್ಲಿ ತುಳಿದರು. ಅದು ಒಣ ಸೌದೆಯ ಹಾಗೆ ಒಡೆಯಿತು. "ಖಲಾಸ್! ನಾಳೆ ನೀನು ಊರಲ್ಲಿ. ಬೀದಿ ಗುಡಿಸು ಹೋಗು."

ಅಂಗಾರ ತಿರುಗಿ ಹೊಡೆಯಲಿಲ್ಲ. ಮುಂದಿನ ಗೇಟಿನಿಂದ, ಎಲ್ಲರ ಚಪ್ಪಲಿಗಳ ನಡುವೆ ನಡೆದು ಹೋದ.

ಕುಸುಮಕ್ಕ ಅಳತೊಡಗಿದರು. "ಎಲೆ ಹಾಕಿ ಆಗಿದೆ. ಉಣ್ಣದೆ ಬಿಟ್ಟರೆ ಮಗುವಿಗೇ ತಾಗ್ತದೆ. ಇನ್ನೊಬ್ಬ ಕೊರಗನನ್ನು ಎಲ್ಲಿಂದ ತರುದು?"

"ಮಸ್ಕತ್ತಿನಲ್ಲಿ ಇನ್ನೊಬ್ಬ ಎಲ್ಲಿ ಸಿಗ್ತಾನೆ?" ಎಂದರು ಅಕೌಂಟ್ಸಿನವರು.

ನನ್ನ ಕೈಯಲ್ಲಿ ಪಾಯಸದ ಸೌಟಿತ್ತು. ಸೌಟನ್ನು ಪಾತ್ರೆಯೊಳಗೆ ಬಿಟ್ಟೆ.

"ಇನ್ನೊಬ್ಬಳು ಇದ್ದಾಳೆ ಅಮ್ಮ."

"ಎಲ್ಲಿ? ಕರಿ, ಬೇಗ ಕರಿ."

"ನೀವು ಈಗ ಉಂಡದ್ದು ಅವಳ ಕೈಯದ್ದು."

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಡಾಕ್ಟ್ರ ಹೆಂಡತಿ ಬಾಯಿಗೆ ಸೆರಗು ಹಿಡಿದು ಬಚ್ಚಲಿಗೆ ಓಡಿದರು. ಕುಸುಮಕ್ಕ ಕೆಮ್ಮಲು ಶುರು ಮಾಡಿದರು.

"ಕೆಮ್ಮಬೇಡಿ ಅಮ್ಮ" ಅಂದೆ.

ಲೋಲಾಕ್ಷಿ ಮಾತ್ರ ಅಲುಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮಗು ಹುಟ್ಟಿತು, ಬದುಕಿತು. ಆ ಅನ್ನವನ್ನು ಯಾರೂ ಉಣ್ಣದೆಯೇ ಬದುಕಿತು.

ನಮ್ಮಿಬ್ಬರನ್ನೂ ಒಂದೇ ವಿಮಾನದಲ್ಲಿ ಕಳಿಸಿದರು. ಪಾಸ್‌ಪೋರ್ಟು ಏರ್‌ಪೋರ್ಟಿನಲ್ಲೇ ಕೈಗೆ ಬಂದದ್ದು. ವಿಮಾನದಲ್ಲಿ ಅಂಗಾರನ ಹೆಬ್ಬೆರಳು ಕುರ್ಚಿಯ ಕೈಯ ಮೇಲೆ ಗುದ್ದುತ್ತಾ ಇತ್ತು. ಪಕ್ಕದವನು ಸುಮ್ಮನಿರಲು ಹೇಳಿದ ಮೇಲೆ ನಿಂತಿತು.

ವಿಠಲಣ್ಣ ಹೇಳಿದ ಹಾಗೆಯೇ ಆಯಿತು. ಎಲಿಯಾಸ್ ಮಾಸ್ಟ್ರು ತೀರಿಹೋಗಿದ್ದರು. ಹೋಟೆಲುಗಳಲ್ಲಿ ಹಾಡಲು ಕೇಳಿದ. ಹೆಸರು ಕೇಳಿ ನಾಳೆ ಬಾ ಅಂದರು. ಕೊನೆಗೆ ನಗರದ ಚರಂಡಿ ಕೆಲಸ. ಬರಿಗೈ, ಬರಿಗಾಲು. ಹೊಲಸಿನಲ್ಲಿ ಒಡೆದ ಬಾಟಲಿ ಎಡಗೈಗೆ ಹೊಕ್ಕಿತು. ಕೀವಾಯಿತು. ಎರಡು ಬೆರಳು ಕತ್ತರಿಸಿದರು. ಉಳಿದ ಕಿರುಬೆರಳಿಗೆ ಬಾಟಲಿಯ ಕತ್ತು ಸಿಕ್ಕಿಸಿಕೊಂಡು, ಸಾಲ ತಂದ ಗಿಟಾರಿನ ತಂತಿಗಳ ಮೇಲೆ ಜಾರಿಸಿ ಬಾರಿಸುತ್ತಿದ್ದ. ಅದು ಅಳುವ ಹಾಗೆ ಕೇಳುತ್ತಿತ್ತು. ಕೊಪ್ಪದ ನಾಯಿಗಳು ಊಳಿಡುತ್ತಿದ್ದವು. "ಅಕ್ಕಾ, ಇವರಿಗೆ ಮಾತ್ರ ನನ್ನ ಹಾಡು ಅರ್ಥವಾಗ್ತದೆ" ಎಂದು ನಗುತ್ತಿದ್ದ. ತೊಂಬತ್ತೆಂಟರಲ್ಲಿ ಒಂದು ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಗ್ಯಾಸು. ಹಗ್ಗ ಕಟ್ಟಿ ಎಳೆದರು.

ಗುಂಡಿಯಲ್ಲಿ ಸತ್ತವನು ಮಸ್ಕತ್ತಿನ ಹಾಡುಗಾರ ಎಂದು ಪೇಪರಿನಲ್ಲಿ ಬಂತು. ಒಂದು ತಿಂಗಳೊಳಗೆ ಸಭೆ. ನಮ್ಮ ನಾಡಿನ ಹೆಮ್ಮೆಯ ಕಲಾವಿದ ಎಂದು ಬ್ಯಾನರು. ಊರಿಗೆ ಮರಳಿ ಇಲ್ಲಿ ಒಂದು ಸಂಘದ ಅಧ್ಯಕ್ಷರಾಗಿದ್ದ ವಿಠಲಣ್ಣ ಮುಖ್ಯ ಅತಿಥಿ. "ನಮ್ಮ ಮನೆಯ ಎಲೆಯಲ್ಲಿ ಉಂಡವ" ಎಂದು ಅವರು ಹೇಳಿದಾಗ ನಾನು ಎದ್ದು ನಿಂತೆ.

"ಉಣ್ಣಲಿಲ್ಲ" ಅಂದೆ.

ಯಾರೋ ತಿರುಗಿ ನೋಡಿದರು. ವಿಠಲಣ್ಣ ಭಾಷಣ ಮುಂದುವರಿಸಿದರು.

"ಉಣ್ಣಲಿಲ್ಲ" ಎಂದೆ, ಇನ್ನೂ ಜೋರಾಗಿ.

ಬ್ಯಾಡ್ಜು ಹಾಕಿಕೊಂಡ ಹೆಂಗಸೊಬ್ಬಳು ಓಡಿಬಂದಳು. "ಅಜ್ಜೀ, ಊಟ ಉಂಟು, ಎಲ್ಲರಿಗೂ ಉಂಟು, ಸ್ವಲ್ಪ ತಡೀರಿ." ಆಮೇಲೆ ಹಿಂದಿರುಗಿ ಹೇಳಿದಳು, "ಪಾಪ, ಹಸಿವಾಗಿದೆ ಕಾಣ್ತದೆ. ಅವರಿಗೊಂದು ತಟ್ಟೆ ಮೊದಲೇ ಕೊಟ್ಟುಬಿಡಿ." ಕಾಗದದ ತಟ್ಟೆಯಲ್ಲಿ ಅನ್ನ, ಸಾರು ಬಂತು. ಅಕ್ಕಪಕ್ಕದವರು ನನ್ನನ್ನು ನೋಡಿ ಮುಗುಳ್ನಕ್ಕರು.

ಎರಡು ಸಾಲು ಆಗಿತ್ತು.

ತಟ್ಟೆ ಹಿಡಿದುಕೊಂಡು ಕುರ್ಚಿಗಳ ನಡುವೆ ನಡೆದೆ. ಮುದುಕಿ ಫೋಟೋಕ್ಕೆ ಎಡೆ ಇಡಲು ಹೋಗುತ್ತಿದ್ದಾಳೆ ಎಂದು ದಾರಿ ಬಿಟ್ಟರು. ಮೆಟ್ಟಿಲು ಹತ್ತಿದೆ. ವಿಠಲಣ್ಣ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಗುರುತು ಸಿಕ್ಕಿತು. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಅವರ ಮುಂದಿನ ಮೇಜಿನ ಮೇಲೆ ತಟ್ಟೆ ಇಟ್ಟೆ. ತಲೆಗೆ ಕೈ ಹಾಕಿ ಒಂದು ಎಳೆ ಬಿಳಿ ಕೂದಲು ಕಿತ್ತೆ. ಅನ್ನದ ಮೇಲೆ ಹಾಕಿದೆ. ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ.

"ನೀವೇ ಉಣ್ಣಿ" ಅಂದೆ.